ಹುಳದ ಮನೆಯಲ್ಲಿ ಬಾಯಿ ಕಟ್ಟಿದ್ದು

ನಾನು ಬಾಡು, ಅಂದರೆ ಮಾಂಸ, ತಿನ್ನುವುದಿಲ್ಲ ಅಂತ ಗೊತ್ತಾದ ತಕ್ಷಣ ಜನಕ್ಕೆ ನನ್ನ ಮೇಲೆ ಎಲ್ಲಿಲ್ಲದ ಭಕ್ತಿ ಬಂದುಬಿಡುತ್ತದೆ. ಬೀಗರೂಟಕ್ಕೆ ಹೋದರೆ "ಅಮ್ಮಾವ್ರಿಗೆ ಆ ಕಡೆ ಬೇರೆ ಎಲೆ ಹಾಕ್ರೋ" ಅಂತ ಕೂಗಾಡುತ್ತಾರೆ. ಯಾವ ಗುರುಗಳ ಹತ್ತಿರ ದೀಕ್ಷೆ ಆಯ್ತು ಅಂತ ಕೇಳಿದವರೂ ಉಂಟು. ದೀಕ್ಷೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ನಮ್ಮದು ಬಾಡು ತಿನ್ನುವ ಒಕ್ಕಲು ಮನೆ. ಹುಟ್ಟಿದ ಮನೆಯೂ ಅಂಥದ್ದೇ, ಸೇರಿದ ಮನೆಯೂ ಅಂಥದ್ದೇ. ನನ್ನ ಬಾಯಿ ಕಟ್ಟಿಸಿದ್ದು ರೇಷ್ಮೆ ಹುಳ. ಹುಳ ಅಂದೆ; ಸರಿಯಾಗಿ ಹೇಳಬೇಕು ಅಂದರೆ ನಮ್ಮ ಅತ್ತೆ.

ಅತ್ತೆಯ ಎದುರಿಗೆ ನಾನು ಬನ್ನಿ, ಹೋಗಿ ಅಂತಲೇ ಮಾತಾಡಿದವಳು. ಮನಸ್ಸಿನೊಳಗೆ ಮಾತ್ರ ಬಾ, ಹೋಗು. ಈಗ ಬರೆಯುತ್ತಿರುವುದು ಮನಸ್ಸಿನೊಳಗಿನ ಮಾತಾದ್ದರಿಂದ ಹಾಗೇ ಬರೀತೀನಿ. ಗಂಡನನ್ನು ಮಾತ್ರ 'ಇವರು' ಅಂತೀನಿ. ಮರ್ಯಾದೆ ಕೊಡಬೇಕು ಅಂತಲ್ಲ, ಬಾಯಿಗೆ ಬೇರೆ ಬರುವುದಿಲ್ಲ.

ನಮ್ಮವ್ವನ ಊರು ಹನೂರಿನಿಂದ ಬಂಡಳ್ಳಿಗೆ ಹೋಗುವ ದಾರಿಯಲ್ಲಿ. ಅಪ್ಪ ಬೇಗ ತೀರಿಕೊಂಡ. ಅವ್ವ ಹೊಲ ಗೆಯ್ದು, ಕೋಳಿ ಸಾಕಿ ನನ್ನನ್ನು ದೊಡ್ಡವಳನ್ನಾಗಿ ಮಾಡಿದಳು. ಹನೂರಿನ ಸ್ಕೂಲಿಗೆ ಏಳನೇ ಕ್ಲಾಸಿನವರೆಗೆ ಕಳಿಸಿದಳು. ಬಡತನ ಇತ್ತು, ಬಾಯಿಗೆ ಮಾತ್ರ ಬಡತನ ಇರಲಿಲ್ಲ. ಭಾನುವಾರ ನಾಟಿಕೋಳಿ ಸಾರು, ಬಿಸಿ ಮುದ್ದೆ. ಕೋಳಿ ಕುಯ್ಯದ ವಾರ ಸಂತೆಗೆ ತಮಿಳು ಹೆಂಗಸರು ತರುತ್ತಿದ್ದ ಕರುವಾಡು, ಅಂದರೆ ಒಣಮೀನು, ಬದನೇಕಾಯಿ ಜೊತೆ ಹುಳಿಯಾಗುತ್ತಿತ್ತು. ಅವ್ವ ಮಸಾಲೆ ಅರೆಯುವಾಗ ಪಕ್ಕದಲ್ಲೇ ಕೂತು ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದೆ. "ಮೊದ್ಲು ಬೇಯ್ಲಿ ತಡಿಯಮ್ಮಿ, ಅಸೀದ್ನೇ ತಿಂದೀಯ" ಅಂತ ಅವ್ವ ಕೈಗೆ ಹೊಡೆಯುತ್ತಿದ್ದಳು. ಅಂಥ ಬಾಯಿ ನನ್ನದು.

ಕೊಳ್ಳೇಗಾಲ ಸೀಮೆ ಮೈಸೂರಿಗೆ ಸೇರಿ ಕೆಲವು ವರ್ಷ ಆಗಿತ್ತು, ನನ್ನ ಮದುವೆ ಆಯಿತು. ಕೊಟ್ಟದ್ದು ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ, ಹೊನ್ನುಹೊಳೆ ದಂಡೆಯ ಊರಿಗೆ. ಮನೆಯಲ್ಲಿ ಮೂರೇ ಜನ: ಗಂಡ ಸತ್ತ ಅತ್ತೆ, ಅವಳ ಒಬ್ಬನೇ ಮಗನಾದ ಇವರು, ನಾನು. ಅತ್ತೆಯೂ ಬಾಯಿ ರುಚಿ ಬಲ್ಲವಳೇ. ಮೊದಲ ವರ್ಷ ಕುರಿ ತಲೆ ಸಾರು ಮಾಡಿ "ಉಣ್ಣು ಮೊಗ, ಮೂಳೆ ಬಿಡಬ್ಯಾಡ" ಅಂತ ಬಡಿಸಿದ ಕೈ ಅದು. ಆ ಕೈಯನ್ನು ನಾನು ಮರೆತಿಲ್ಲ. ಮರೆತಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಎರಡನೇ ವರ್ಷ ಇವರಿಗೆ ಹುಳ ಸಾಕುವ ಮನಸ್ಸಾಯಿತು. ರೇಷ್ಮೆ ಆಫೀಸಿನವರು ಸೈಕಲ್ಲಿನಲ್ಲಿ ಬಂದು ಆಸೆ ಹುಟ್ಟಿಸಿ ಹೋಗಿದ್ದರು. ಹೊಳೆ ಪಕ್ಕದ ತುಂಡು ಹೊಲಕ್ಕೆ ಹಿಪ್ಪುನೇರಳೆ ಕಡ್ಡಿ ನೆಟ್ಟೆವು. ನಡುಮನೆಯಲ್ಲಿ ಬಿದಿರಿನ ಅಟ್ಟಣೆ ಕಟ್ಟಿ ಅದರ ಮೇಲೆ ಹುಳದ ತಟ್ಟೆಗಳನ್ನು ಜೋಡಿಸಿದೆವು. ಮನುಷ್ಯರು ಹಜಾರಕ್ಕೆ ಬಂದು ಮಲಗಿದೆವು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹೊತ್ತು ಗೊತ್ತು ಇಲ್ಲದೆ ತಿನ್ನುತ್ತದೆ, ಮೈ ಹಳದಿಯಾಗಿ ಹಣ್ಣಾಗುತ್ತದೆ, ಚಂದ್ರಿಕೆ ಅನ್ನುವ ಬಿದಿರು ತಟ್ಟಿಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ನಮ್ಮ ಮೊದಲ ಬೆಳೆ ಅಷ್ಟು ದೂರ ಹೋಗಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳ ಒಂದೊಂದೇ ಮೆತ್ತಗಾಗಿ, ಕಪ್ಪಾಗಿ, ನಾರತೊಡಗಿದವು. ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದು ಬಂದು ಅತ್ತೆ ಗೋಡೆಗೆ ಒರಗಿ ಕೂತಳು. ಅಳಲಿಲ್ಲ. ನನ್ನನ್ನೇ ನೋಡಿದಳು.

ಹಿಂದಿನ ಭಾನುವಾರ ನಾನು ಕೋಳಿ ಸಾರು ಮಾಡಿದ್ದೆ. ಅವಳೇ ಮಾಡು ಅಂದಿದ್ದಳು, ಅವಳೇ ಎರಡು ಸಲ ಬಡಿಸಿಕೊಂಡು ಉಂಡಿದ್ದಳು. ಅದೆಲ್ಲ ಈಗ ಲೆಕ್ಕಕ್ಕಿಲ್ಲ. ಮೇಗಲ ಬೀದಿಯ ಶಿವಾಚಾರದ ಗೌಡರ ಮನೆಯಲ್ಲಿ ಪ್ರತಿ ಬೆಳೆಯೂ ಚೆನ್ನಾಗಿ ಆಗುತ್ತಿತ್ತು. ಅವರು ಬಾಡು ಮುಟ್ಟದವರು. "ಅದ್ಕೇ ಕಣಮ್ಮಿ ಅವ್ರ ಅಟ್ಟೀಲಿ ಉಳ ಬದುಕ್ತವೆ. ನಮ್ ಅಟ್ಟಿ ಗೋಡೆನೇ ಬಾಡಿನ ವಾಸ್ನೆ ಒಡೀತದೆ" ಅಂದಳು ಅತ್ತೆ. ಗೌಡರಿಗೆ ನೀರಾವರಿ ಸೊಪ್ಪು ಇತ್ತು, ಗಾಳಿಯಾಡುವ ದೊಡ್ಡ ಮನೆ ಇತ್ತು. ಅದು ಅತ್ತೆಯ ಕಣ್ಣಿಗೆ ಬೀಳಲಿಲ್ಲ.

ದೇವಸ್ಥಾನಕ್ಕೆ ಹೋಗಿ ಹೂ ಕೇಳಿದಳು. ನಮ್ಮ ಕಡೆ ಅಮ್ಮನವರ ಮೈಗೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿ ಕಾಯುತ್ತೇವೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಅತ್ತೆ ಕೇಳಿದ್ದು "ಬಾಡಿನ ವಾಸ್ನೆಗೇ ಉಳ ಸತ್ವಾ ತಾಯಿ?" ಅಂತ. ಹೂ ಬಲಕ್ಕೆ ಬಿತ್ತು. ನನಗೆ ಆವತ್ತೇ ಅನುಮಾನ. ಸೊಪ್ಪು ಒಣಗಿತ್ತಾ, ಮೊಟ್ಟೆಯಲ್ಲೇ ರೋಗ ಇತ್ತಾ ಅಂತಲೂ ಕೇಳಬಹುದಿತ್ತಲ್ಲ? ಬೇರೆ ಪ್ರಶ್ನೆ ಕೇಳಿದ್ದರೆ ಅದೇ ಹೂ ಬಲಕ್ಕೆ ಬೀಳುತ್ತಿರಲಿಲ್ಲವೇ? ಕೇಳುವವರು ಯಾರು, ಸೊಸೆ ಕೇಳುವುದುಂಟೇ. ಅಲ್ಲೇ ಕೈ ಮುಗಿದು ಅತ್ತೆ ಹರಕೆ ಕಟ್ಟಿದಳು. "ಅಟ್ಟೀಲಿ ಉಳ ಇರೋಗಂಟ ನಮ್ ಒಲೆ ಮ್ಯಾಲೆ ಬಾಡು ಬೇಯಕಿಲ್ಲ, ನಮ್ ಮೂವರ ಬಾಯ್ಗೂ ಬೀಳಕಿಲ್ಲ ತಾಯಿ."

ಹುಳ ಇರುವವರೆಗೆ ಅಂದರೆ ಒಂದು ತಿಂಗಳು ಅಂತ ನಾನು ತಿಳಿದುಕೊಂಡಿದ್ದೆ, ಪೆದ್ದಿ. ಒಂದು ಬೆಳೆ ಗೂಡಾಗುವ ಹೊತ್ತಿಗೆ ಇವರು ಕೊಳ್ಳೇಗಾಲದಿಂದ ಮುಂದಿನ ಬೆಳೆಯ ಮೊಟ್ಟೆ ತಂದಿರುತ್ತಿದ್ದರು. ಹುಳ ಇಲ್ಲದ ದಿನವೇ ನಮ್ಮ ಮನೆಗೆ ಬರಲಿಲ್ಲ. ಬಾಡಿನ ಮಡಕೆಗಳನ್ನು ಅತ್ತೆ ಕೊಟ್ಟಿಗೆಯ ಹಿಂದೆ ಮಗುಚಿ ಹಾಕಿದಳು. ಕೋಳಿಗಳನ್ನೆಲ್ಲ ಸಂತೆಯಲ್ಲಿ ಮಾರಿದಳು.

ಬಾಡು ಬಿಟ್ಟರೆ ಬಿಟ್ಟೆ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದು. ನಾಲಿಗೆ ಕೇಳಬೇಕಲ್ಲ? ಭಾನುವಾರ ಬಂತೆಂದರೆ ಕೇರಿಯಲ್ಲಿ ಒಂದೊಂದೇ ಒರಳುಕಲ್ಲಿನ ಸದ್ದು. ಯಾರ ಮನೆಯದು, ಏನು ಅರೆಯುತ್ತಿದ್ದಾರೆ, ಕುರಿಯೋ ಕೋಳಿಯೋ, ಎಲ್ಲ ನನಗೆ ಕೂತಲ್ಲೇ ಗೊತ್ತಾಗುತ್ತಿತ್ತು. ನಮ್ಮ ಹಿತ್ತಲ ಹಿಂದಿನ ಮನೆಯಲ್ಲಿ ಕೋಳಿ ಪುಕ್ಕ ಸುಟ್ಟರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ದೇವರಾಣೆ. ಹೊಗೆಗೆ ಅಂತ ಒರೆಸಿಕೊಳ್ಳುತ್ತಿದ್ದೆ. ಅತ್ತೆಯೋ ಗೋಣಿತಾಟು ನೀರಲ್ಲಿ ಅದ್ದಿ ಕಿಟಕಿಗೆ ಕಟ್ಟುತ್ತಿದ್ದಳು, ವಾಸನೆ ಒಳಗೆ ಬರಬಾರದು ಅಂತ. ಒಂದು ದಿನ ಅವರೆಕಾಳು ಸಾರಿಗೆ ಚಕ್ಕೆ ಲವಂಗ ಹಾಕಿ ಬಾಡಿನ ಮಸಾಲೆಯನ್ನೇ ಅರೆದೆ. ಕಣ್ಣು ಮುಚ್ಚಿಕೊಂಡು ಉಂಡರೆ ಒಂದಿಷ್ಟು ಸಮಾಧಾನ ಆದೀತು ಅಂತ. ಅತ್ತೆ ಓಡಿ ಬಂದು ಮಡಕೆಗೆ ಸೌಟು ಹಾಕಿ ತಳದವರೆಗೂ ತಿರುವಿದಳು. ಅವರೆಕಾಳು ಬಿಟ್ಟು ಏನೂ ಸಿಗಲಿಲ್ಲ. "ಇನ್ ಮ್ಯಾಲೆ ಈ ಮಸ್ಲೆನೂ ಬ್ಯಾಡ" ಅಂದಳು.

ಮೂಸಿ ನೋಡುವುದು ಶುರುವಾದದ್ದು ಆಮೇಲೆ. ನಾನು ಹಿಂದಿನ ಮನೆಗೆ ಮಜ್ಜಿಗೆಗೆ ಹೋಗಿ ಬಂದರೂ ಸರಿ, ಹೊಳೆಗೆ ಹೋಗಿ ಬಂದರೂ ಸರಿ, ಹುಳಕ್ಕೆ ಸೊಪ್ಪು ಹಾಕುವ ಮುಂಚೆ "ಕೈ ತೋರ್ಸು" ಅನ್ನುತ್ತಿದ್ದಳು. ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಳು. ವಾಸನೆ ಇಲ್ಲದಿದ್ದರೂ ಬಿಡುಗಡೆ ಇಲ್ಲ.

"ಸೋಪಾಕಿ ತೊಳ್ದಿದ್ದೀಯ."

"ಬಟ್ಟೆ ಒಗ್ದೆ ಅತ್ತೆ."

"ಬಟ್ಟೆ ಒಗೆದ್ಯೋ, ಏನ್ ಒಗೆದ್ಯೋ."

ತೊಳೆದರೂ ತಪ್ಪು, ತೊಳೆಯದಿದ್ದರೂ ತಪ್ಪು. "ನಾನು ತಿಂದಿಲ್ಲ ಅತ್ತೆ" ಅಂತ ದಿನ ಬೆಳಗಾದರೆ ಹೇಳುತ್ತಿದ್ದೆ. "ಸರಿ ಸರಿ" ಅನ್ನುತ್ತಿದ್ದಳು. ನಂಬಿದವರು ಹಾಗೆ ಎರಡು ಸಲ ಸರಿ ಅನ್ನುವುದಿಲ್ಲ. ಬರಬರುತ್ತಾ ನನಗೆ ಬಾಡಿಗಿಂತ ಹೆಚ್ಚಾಗಿ ಬೇಕಾದದ್ದು ಇದೊಂದೇ ಆಯಿತು: ಇವಳು ತಿಂದಿಲ್ಲ ಅಂತ ಅತ್ತೆ ಒಂದು ಸಲ ಬಾಯಿಬಿಟ್ಟು ಹೇಳಬೇಕು. ಅವಳ ಬಾಯಿಂದ ಆ ಮಾತು ಹೊರಡಿಸದೆ ಸಾಯುವುದಿಲ್ಲ ಅಂತ ಮನಸ್ಸಿನಲ್ಲೇ ಹಠ ಹಿಡಿದೆ.

ಅನುಮಾನ ಅನ್ನುವುದು ಮನೆಗೆ ಹೊಕ್ಕರೆ ಒಬ್ಬರ ಹತ್ತಿರ ನಿಲ್ಲುವುದಿಲ್ಲ. ನನಗೆ ಇವರ ಮೇಲೆ ಶುರುವಾಯಿತು. ಕೊಳ್ಳೇಗಾಲಕ್ಕೆ ಮೊಟ್ಟೆಗೋ ಗೂಡಿನ ವ್ಯಾಪಾರಕ್ಕೋ ಅಂತ ಹೋದವರು ಬರುವಾಗ ತಲೆಗೂದಲು ಒದ್ದೆ. ಹೊಳೆಯಲ್ಲಿ ಮುಳುಗೆದ್ದು ಬಂದಿರುತ್ತಿದ್ದರು. ಬೆಳಿಗ್ಗೆ ಮನೆಯಲ್ಲೇ ಬಿಸಿನೀರು ಹುಯ್ದುಕೊಂಡು ಹೋದ ಗಂಡಸು ಸಂಜೆ ಬರುವ ದಾರಿಯಲ್ಲಿ ಯಾಕೆ ಮುಳುಗುತ್ತಾನೆ? ಬಾಯಲ್ಲಿ ತುಂಬ ಎಲೆಯಡಿಕೆ. ಅಂಥ ದಿನ ಮುದ್ದೆ ಮುರಿದು ಅರ್ಧ ಬಿಟ್ಟು ಏಳುತ್ತಿದ್ದರು.

"ಯಾಕ್ರೀ, ಹಸಿವಿಲ್ವಾ?"

"ಬಿಸ್ಲು ಕಣೆ. ಸೇರಕಿಲ್ಲ."

ಕಾರ್ತಿಕ ಮಾಸದಲ್ಲಿ ಎಂಥ ಬಿಸಿಲು! ಮೊದಲು ಯಾವಳಾದರೂ ಇದ್ದಾಳೋ ಅಂತ ಹೆದರಿದೆ. ಷರಟು ಬಿಚ್ಚಿಟ್ಟಾಗ ನಾನೂ ಅತ್ತೆಯ ಹಾಗೆ ಮೂಸಿದೆ. ಹೆಂಗಸಿನ ಹೂವಿನ ವಾಸನೆ ಇರಲಿಲ್ಲ. ತೋಳಿನ ಮಡಿಕೆಯಲ್ಲಿ ಹುರಿದ ಕೊತ್ತಂಬರಿ ಬೀಜದ ವಾಸನೆ ಇತ್ತು. ಕೋಳಿ ಸಾರು! ಹೆಣ್ಣಿನ ವಾಸನೆ ಸಿಕ್ಕಿದ್ದರೂ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ನನ್ನ ಬಿಟ್ಟು ತಿಂದರಲ್ಲ, ಎಲ್ಲಿ ತಿಂದರು? ಕೊಳ್ಳೇಗಾಲದ ಮಿಲಿಟರಿ ಹೋಟ್ಲಿನಲ್ಲಿರಬೇಕು ಅಂತ ಅಂದುಕೊಂಡೆ. ಅತ್ತೆಯ ಮೂಗಿಗೆ ಇದು ಹೇಗೆ ಸಿಗುವುದಿಲ್ಲ ಅಂತ ಆಶ್ಚರ್ಯಪಟ್ಟೆ. ಮಗನ ಕೈಯನ್ನು ಅವಳು ಒಂದು ದಿನವೂ ಹಿಡಿದು ಮೂಸಲಿಲ್ಲ.

ಅಷ್ಟರಲ್ಲಿ ನಾನು ಬಸುರಿಯಾದೆ. ಬಸುರಿ ಬಯಸಿದ್ದನ್ನು ತಿನ್ನದೆ ಹೋದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಅಂತ ನಮ್ಮ ಕಡೆ ಹಿರಿಯರು ಕಿರಿಯರು ಎಲ್ಲರೂ ನಂಬುತ್ತಾರೆ. ಶತ್ರುವಾದರೂ ಬಸುರಿಯ ಬಯಕೆ ತೀರಿಸುತ್ತಾನೆ. ಅತ್ತೆ ಕೇಳಿದಳು, "ಏನ್ ಬಯ್ಕೆ ಮೊಗ?" ಆ 'ಮೊಗ' ಕೇಳಿ ಬಹಳ ದಿನವಾಗಿತ್ತು. ನಾನು ನಿಜವನ್ನೇ ಹೇಳಿದೆ.

"ಕೋಳಿ ಸಾರು ಅತ್ತೆ."

ಅವಳ ಮುಖ ಗಂಟಾಯಿತು. "ಉಣಸೇಕಾಯಿ ಬ್ಯಾಡ, ಮಾವಿನಕಾಯಿ ಬ್ಯಾಡ. ಉಳ ಮೂರ್ನೇ ಜ್ವರದಲ್ಲಿರೋವಾಗ ನಿಂಗೆ ಕೋಳಿ ಸಾರಿನ ಬಯ್ಕೆ ಬಂತಾ? ಬಯ್ಕೆನೋ, ನೆಪಾನೋ?"

ಆಮೇಲೆ ಬಯಕೆಯ ಮಾತು ಎತ್ತಲಿಲ್ಲ. ಕಾವಲು ಮಾತ್ರ ಜಾಸ್ತಿ ಮಾಡಿದಳು. ಬಯಕೆ ಇರುವವಳು ಸುಮ್ಮನಿರುವುದಿಲ್ಲ, ಎಲ್ಲಾದರೂ ಕದ್ದು ತಿಂದೇ ತಿನ್ನುತ್ತಾಳೆ ಅಂತ ಅವಳ ತೀರ್ಮಾನ. ಹಿಂದಿನ ಮನೆಗೆ ಹೋಗುವುದು ನಿಂತಿತು. ನೀರಿಗೆ ಹೋದರೆ ಜೊತೆಗೆ ಅವಳು.

ಏಳನೇ ತಿಂಗಳಲ್ಲಿ ನಮ್ಮವ್ವ ಬಯಕೆ ಬುತ್ತಿ ತಗೊಂಡು ಬಂದಳು. ಹನೂರಿನಿಂದ ಬಸ್ಸು ಹತ್ತಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ತಲೆ ಮೇಲೆ ಬುಟ್ಟಿ ಹೊತ್ತು ಬಿಸಿಲಲ್ಲಿ ನಡೆದು ಬಂದಳು. ಆಗ ಹುಳ ಹಣ್ಣಾಗುತ್ತಿದ್ದವು. ಅತ್ತೆ ಹೊಸಿಲಿಗೆ ಅಡ್ಡ ನಿಂತಳು.

"ಒಳಗೆ ಉಳ ಅವೆ ಬೀಗಿತ್ತಿ. ಜಗಲಿ ಮ್ಯಾಲೆ ಕೂತ್ಕಳಿ. ಬುಟ್ಟಿ ಬಿಚ್ಚಿ."

"ಇಲ್ಲೇ ಬಿಚ್ಚದಾ, ಬೀದೀಲಿ?"

"ತಪ್ ತಿಳ್ಕಬ್ಯಾಡಿ. ಬಿಚ್ಚಿ."

ಅವ್ವನ ಮುಖ ಕಪ್ಪಿಟ್ಟಿತು. ಬೀಗರ ಮನೆ ಜಗಲಿಯ ಮೇಲೆ ಕೂತು, ಹೋಗಿ ಬರುವವರೆಲ್ಲ ನೋಡುತ್ತಿರುವಾಗ, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದಳು. ಕಜ್ಜಾಯ, ಎಳ್ಳುಂಡೆ, ಚಿತ್ರಾನ್ನ, ಒಬ್ಬಟ್ಟು. ಅತ್ತೆ ಒಬ್ಬಟ್ಟನ್ನು ಮುರಿದು ನೋಡಿದಳು. ಚಿತ್ರಾನ್ನದೊಳಗೆ ಬೆರಳು ಹಾಕಿದಳು. ಏನೂ ಸಿಗದಿದ್ದಾಗ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ, ಎಲ್ಲೋ ಇದೆ, ತನಗೆ ಕಾಣಲಿಲ್ಲ ಅನ್ನುವ ಹಾಗಿತ್ತು. ಸೊಪ್ಪು ಹಾಕುವ ಹೊತ್ತಾಗಿದ್ದರಿಂದ ಒಳಗೆ ಹೋದಳು.

ನನಗೂ ಅದೇ ನಂಬಿಕೆ. ಅವ್ವ ಅಂದರೆ ಅವ್ವ, ಎಲ್ಲೋ ಅಡಗಿಸಿ ತಂದೇ ತಂದಿರುತ್ತಾಳೆ. ಬುಟ್ಟಿಯ ತಳದವರೆಗೂ ಕೈ ಹಾಕಿ ತಡಕಿದೆ. ಬಾಳೆಲೆ ಸಿಕ್ಕಿತು ಅಷ್ಟೇ.

"ಎಲ್ಲವ್ವ?"

"ಏನಮ್ಮಿ?"

"ಬಾಡು."

ಅವ್ವ ನನ್ನ ಮುಖವನ್ನೇ ನೋಡಿದಳು. "ನಿಂಗೆ ವಾಸ್ನೆನೇ ಆಗಕಿಲ್ವಂತಲ್ಲ? ಬಾಡಿನ ಎಸ್ರು ಎತ್ತಿದ್ರೂ ವಾಂತಿ ಮಾಡ್ಕತ್ತಳೆ ಅಂದ್ರಲ್ಲ ಅಳಿಯಂದ್ರು!"

"ಯಾವಾಗಂದ್ರು?"

"ಬಂದಾಗೆಲ್ಲ ಅಂತರೆ."

ಬಂದಾಗೆಲ್ಲ! ನನಗೆ ತಿಳಿದ ಮಟ್ಟಿಗೆ ಇವರು ಮದುವೆಯಾದ ವರ್ಷದ ಹಬ್ಬ ಬಿಟ್ಟರೆ ಅತ್ತೆಮನೆಯ ಮುಖ ಕಂಡವರಲ್ಲ. ಅವ್ವ ಹೇಳುತ್ತಾ ಹೋದಳು. ಕೊಳ್ಳೇಗಾಲಕ್ಕೆ ಬಂದಾಗೆಲ್ಲ ಹನೂರು ಬಸ್ಸು ಹತ್ತಿ ಬಂದುಬಿಡುತ್ತಿದ್ದರಂತೆ. ಅಳಿಯ ಬಂದರೆ ಕೋಳಿ ಕುಯ್ಯದೆ ಸೊಪ್ಪಿನ ಸಾರು ಇಕ್ಕುವುದುಂಟೇ? ಅವ್ವ ಕುಯ್ಯುತ್ತಿದ್ದಳಂತೆ. ನನಗೂ ಒಂದು ಡಬ್ಬಿಯಲ್ಲಿ ಕೊಡುತ್ತೀನಿ ಅಂತ ಪ್ರತಿ ಸಲವೂ ಅಂದಳಂತೆ. ನಾನಾಗೇ ಬಾಡು ಬಿಟ್ಟುಬಿಟ್ಟಿದ್ದೀನಿ, ಕಂಡರೆ ಆಗುವುದಿಲ್ಲ ಅಂತ ಇವರು ಬೇಡ ಅಂದರಂತೆ.

"ನಂಗೆ ಅನ್ಮಾನ ಬಂದು ಉಣ್ಣಕೇ ಆಗ್ನಿಲ್ಲ ಕಣಮ್ಮಿ" ಅಂತ ಅವ್ವ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಉಗುರು ನೋಡಿದಳು. "ಬಾಡು ಅಂದ್ರೆ ಪ್ರಾಣ ಬಿಡ್ತಿದ್ದ ಕೂಸು ನೀನು. ನಿಮ್ಮತ್ತೆ ಏನೋ ಕೈಮದ್ದು ಆಕವಳೆ ಅಂತ್ಲೇ ಅನ್ಕಂಡಿದ್ದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆಗೆ ನಾನು ತಿನ್ನುತ್ತೀನಿ ಅಂತ ಅನುಮಾನ, ಅವ್ವನಿಗೆ ನಾನು ಯಾಕೆ ತಿನ್ನುವುದಿಲ್ಲ ಅಂತ ಅನುಮಾನ. ಇಬ್ಬರ ನಡುವೆ ನನ್ನ ಪಾಲಿನ ಕೋಳಿಯನ್ನು ನನ್ನ ಗಂಡ ನನ್ನ ತವರಲ್ಲೇ ಕೂತು ತಿಂದಿದ್ದಾರೆ. ನನ್ನ ಬಾಲ್ಯದ ಒಲೆಯ ಮುಂದೆ, ನಮ್ಮವ್ವನ ಕೈಯಡಿಗೆ! ಅವ್ವನನ್ನು ಬಸ್ಸಿಗೆ ಬಿಟ್ಟವಳೇ ನೆಟ್ಟಗೆ ಸೊಪ್ಪಿನ ಹೊಲಕ್ಕೆ ಹೋದೆ. ಇವರು ಸೊಪ್ಪು ಕುಯ್ಯುತ್ತಿದ್ದರು.

"ರುಚಿಯಾಗಿತ್ತಾ?" ಅಂದೆ.

ಏನು ಅಂತ ಕೇಳಲಿಲ್ಲ. ಕುಡುಗೋಲು ಕೆಳಗಿಟ್ಟರು. "ಡಬ್ಬಿ ತಂದ್ರೆ ಅವ್ವಂಗೆ ಗೊತ್ತಾಯ್ತಿತ್ತು ಕಣೆ. ಅದ್ಕೇ ನಿಮ್ಮವ್ವಂಗೆ ಅಂಗಂದೆ."

"ಈಗ ನಾನೇ ಹೇಳ್ತೀನಿ ನಿಮ್ಮವ್ವಂಗೆ."

"ಏಳ್ಕೋ ಓಗು. ನಾಳೆ ಉಳ ಚಂದ್ರಿಕೆ ಅತ್ತವೆ. ಒಂದ್ ತಟ್ಟೆ ಕೆಟ್ರೂ ಯಾರ್ ತಲೆ ಮ್ಯಾಲೆ ಬತ್ತದೆ? ವಾಸ್ನೆ ಬಂದದ್ದು ನಿಮ್ಮವ್ವನ ಅಟ್ಟಿಯಿಂದ."

ಥೂ, ಎಂಥ ಮಾತು. ಆದರೆ ಸುಳ್ಳಲ್ಲ. ಇವರು ತಿಂದರೂ ಬೈಗುಳ ನಮ್ಮವ್ವನಿಗೇ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ಸೊಪ್ಪಿನ ಹೊರೆ ಹೊತ್ತು ಬಂದೆ.

ಆ ಬೆಳೆ ನಮ್ಮ ಮನೆಯಲ್ಲಿ ಹಿಂದೆಂದೂ ಆಗದ ಹಾಗೆ ಆಯಿತು. ಚಂದ್ರಿಕೆ ತುಂಬ ಹಳದಿ ಗೂಡು, ಒಂದೊಂದೂ ಗಟ್ಟಿ. ಅತ್ತೆ ದೇವರಿಗೆ ಕಾಯಿ ಒಡೆದು "ನೋಡ್ದಾ, ಬಾಯಿ ಕಟ್ಟಿದ್ಕೆ ತಾಯಿ ಕೊಟ್ಳು" ಅಂದಳು. ಹನೂರಿನಲ್ಲಿ ಕೋಳಿ ತಿಂದ ಕೈಯಲ್ಲೇ ಇವರು ಆ ಹುಳಕ್ಕೆಲ್ಲ ಸೊಪ್ಪು ಹಾಕಿದ್ದರು. ನಾನು ಇವರ ಕಡೆ ನೋಡಿದೆ. ಇವರು ಗೂಡು ಬಿಡಿಸುವುದರಲ್ಲಿ ಮಗ್ನರಾದರು.

ಹೆರಿಗೆಗೆ ತವರಿಗೆ ಹೋದೆ. ಹೋದ ದಿನವೇ ಅವ್ವ ಕೋಳಿ ಕುಯ್ದಳು. ಮುದ್ದೆ, ಸಾರು, ಮೇಲೆ ಈರುಳ್ಳಿ. ತಟ್ಟೆಯ ಮುಂದೆ ಕೂತೆ, ಬಾಯಲ್ಲಿ ನೀರೂರಿ ಗಂಟಲಿಗೆ ಇಳಿಯಿತು. ತುಂಡು ಕೈಗೆ ತೆಗೆದುಕೊಂಡೆ. ತಿಂದರೆ ಅತ್ತೆಯ ಅನುಮಾನ ನಿಜವಾಗಿಬಿಡುತ್ತಲ್ಲ ಅನ್ನಿಸಿತು. ಇಷ್ಟು ದಿನ ಅವಳು ಮೂಸಿದ್ದಕ್ಕೆ ಅರ್ಥ ಬಂದುಬಿಡುತ್ತಲ್ಲ. ತುಂಡನ್ನು ವಾಪಸ್ಸು ತಟ್ಟೆಗೆ ಹಾಕಿದೆ.

"ಮಗೀಗೆ ಕಿವಿ ಸೋರ್ತದೆ ಕಣಮ್ಮಿ, ಒಂದೇ ಒಂದು ತುಂಡು ತಿನ್ನು" ಅಂತ ಅವ್ವ ಕೈ ಹಿಡಿದು ಬೇಡಿಕೊಂಡಳು. ನಾನು ತಿನ್ನಲಿಲ್ಲ. ಬಾಣಂತನದಲ್ಲೂ ಮುಟ್ಟಲಿಲ್ಲ. ಬಾಡು ನನಗೆ ಬೇಡವಾಗಿರಲಿಲ್ಲ, ಅದರ ಮೇಲಿನ ಆಸೆ ಒಂದು ಚೂರೂ ಕಮ್ಮಿಯಾಗಿರಲಿಲ್ಲ. ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ತಿಂದಿಲ್ಲ ಅಂತ ಹೇಳಬೇಕಿತ್ತು, ಹೇಳುವಾಗ ಅದು ನಿಜವಾಗಿರಬೇಕಿತ್ತು.

ಮಗನನ್ನು ಎತ್ತಿಕೊಂಡು ಗಂಡನ ಮನೆಗೆ ವಾಪಸ್ಸು ಬಂದೆ. ಅತ್ತೆ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಮಗುವನ್ನು ಎತ್ತಿ ಮುದ್ದಾಡಿದಳು, ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು.

"ಮೈಕೈ ತುಂಬ್ಕಂಡು ಬಂದಿದ್ದೀಯ. ನಿಮ್ಮವ್ವ ಚೆನ್ನಾಗೇ ಇಕ್ಕವಳೆ."

"ತುಪ್ಪ, ಬೆಲ್ಲ, ಮೆಣಸಿನ ಸಾರು ಅತ್ತೆ. ಬಾಡು ಮುಟ್ಟಿಲ್ಲ."

"ಸರಿ ಸರಿ."

ಎಷ್ಟು ಸಿಟ್ಟು ಬಂತೆಂದರೆ ಮಗು ಇಲ್ಲದಿದ್ದರೆ ಆವತ್ತೇ ಬಸ್ಸು ಹತ್ತುತ್ತಿದ್ದೆ.

ಸ್ವಲ್ಪ ದಿನಕ್ಕೆ ಮಗುವಿಗೆ ನೆಗಡಿಯಾಯಿತು, ಜ್ವರ ಬಂತು. ಅಳು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುವಾಗ "ಅಯ್ಯೋ" ಅಂದಳು. ಬಲಗಿವಿಯಿಂದ ಹಳದಿ ಕೀವು ಇಳಿದಿತ್ತು. ನಾನು ಆಸ್ಪತ್ರೆಗೆ ಹೋಗೋಣ ಅಂದೆ. ಅತ್ತೆಗೆ ಅದು ಕೇಳಿಸಲಿಲ್ಲ. ಅರಳೆಯಲ್ಲಿ ಕಿವಿ ಒರೆಸಿದಳು, ಮತ್ತೆ ಇಳಿಯಿತು. ಕೂತಲ್ಲೇ ಕೂತಳು.

"ನೀ ತಿನ್ನಿಲ್ವಾ?"

"ಇಲ್ಲ."

"ನಿಮ್ಮವ್ವನ ಅಟ್ಟೀಲೂ?"

"ಇಲ್ಲ."

"ಬಯ್ಕೆ ನಿಜ್ವಾಗ್ಲೂ ಇತ್ತಾ?"

"ಇತ್ತು ಅತ್ತೆ."

ಅವಳು ಅರಳೆ ಕೆಳಗಿಟ್ಟಳು. "ನೀ ಎಲ್ಲೋ ತಿಂದ್ಕಂಡಿದ್ದೀಯ, ಕೂಸ್ಗೆ ಏನೂ ಆಗಕಿಲ್ಲ ಅಂತ ನಾ ದೈರ್ಯವಾಗಿದ್ದೆ ಕಣಮ್ಮಿ. ಯಾಕ್ ಏಳ್ಲಿಲ್ಲ ನಂಗೆ?"

"ಹೇಳಿದ್ದೆ. ದಿನಾ ಹೇಳಿದ್ದೆ."

ನಾನು ಕದ್ದು ತಿನ್ನುತ್ತೀನಿ ಅಂತ ನಂಬುವುದು ಅವಳಿಗೆ ಬೇಕಾಗಿತ್ತು ಅಂತ ಆಗ ಅರ್ಥವಾಯಿತು. ನಾನು ಕಳ್ಳಿಯಾದರೆ ಹರಕೆ ಮುರಿದ ಪಾಪ ನನ್ನದು, ಅವಳ ಹುಳವೂ ಉಳಿಯಿತು, ಮೊಮ್ಮಗನೂ ಉಳಿದ. ನನ್ನ ಬಾಯಿಮಾತು ನಂಬದವಳು ಕೂಸಿನ ಕಿವಿಯ ಕೀವನ್ನು ನಂಬಿದಳು. "ಇವ್ಳು ತಿನ್ನಿಲ್ಲ, ನನ್ ಸೊಸೆ ತಿನ್ನಿಲ್ಲ" ಅಂತ ಅತ್ತಳು. ನಾನು ಕಾದಿದ್ದ ಮಾತು ಅದೇ. ನನಗೂ ಅಳು ಬಂತು. ಮಗುವಿನ ಕಿವಿ ಸೋರುವಾಗ ಸಿಕ್ಕ ಮಾತಾದರೂ ಒಳಗೆಲ್ಲೋ ತಣ್ಣಗಾಯಿತು.

ಮಗುವನ್ನು ಯಳಂದೂರು ಆಸ್ಪತ್ರೆಗೆ ತೋರಿಸಿ, ಕಿವಿಗೆ ಹನಿ ಔಷಧಿ ಹಾಕಿಸಿಕೊಂಡು ಬರುವಷ್ಟರಲ್ಲಿ ಅತ್ತೆ ಹಿಂದಿನ ಮನೆಯಿಂದ ಕೋಳಿ ತಂದಿದ್ದಳು. ಒಳಗೆ ಹುಳ ಇದ್ದವು. ಇದ್ದರೆ ಇರಲಿ ಅಂತ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹೊಸ ಮಡಕೆ ಇಟ್ಟು ತಾನೇ ಸಾರು ಮಾಡಿದಳು. "ಅರ್ಕೆ ಮುರಿದದ್ದು ನಾನು, ಪಾಪ ಬಂದ್ರೆ ನಂಗೆ ಬರ್ಲಿ. ಉಣ್ಣು ಮೊಗ" ಅಂತ ತಟ್ಟೆ ನನ್ನ ಮುಂದೆ ಇಟ್ಟು ಪಕ್ಕದಲ್ಲೇ ಕೂತಳು. ಎಷ್ಟು ವರ್ಷದ ಮೇಲೆ ಅತ್ತೆಯ ಕೈಸಾರಿನ ವಾಸನೆ ಮುಖಕ್ಕೆ ಹೊಡೆದಿತ್ತು! ನಾನು ಮುದ್ದೆ ಮುರಿದೆ.

ಅಷ್ಟರಲ್ಲಿ ಇವರು ಹೊಲದಿಂದ ಬಂದರು. ಹಿತ್ತಲ ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು. "ಏನವ್ವ ಇದು! ನಂಗೆ?"

ಅತ್ತೆ ಕಣ್ಣೊರೆಸಿಕೊಂಡು ನಕ್ಕಳು. ಪ್ರೀತಿಯ ನಗು. "ನಿಮ್ಮತ್ತೆ ಅಟ್ಟೀಲಿ ತಿಂದ್ಕಂಡು ಒಳೇಲಿ ಮುಳುಗಿ ಬತ್ತಿದ್ಯಲ್ಲ, ಅದು ಸಾಲ್ದೇನ್ಲಾ? ಇದು ಬಾಣಂತಿಗೆ."

ನನ್ನ ಕೈ ತಟ್ಟೆಯಲ್ಲೇ ನಿಂತಿತು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಎತ್ತವ್ಳಿಗೆ ಗೊತ್ತಾಗಕಿಲ್ವಾ? ಮೊದ್ಲ ದಿನ್ವೇ ಗೊತ್ತಾಯ್ತು." ಅವಳು ಸಾರನ್ನು ಇನ್ನೊಂದು ಸೌಟು ಬಡಿಸಿದಳು. "ಗಂಡು ಮಗ ಕಣಮ್ಮಿ, ಎಷ್ಟು ದಿನ ಅಂತ ಬಾಯಿ ಕಟ್ಟಾನು. ನೀ ಉಣ್ಣು, ಆರೋಯ್ತದೆ."

ನಾನು ಕೈ ತೊಳೆದುಕೊಂಡೆ.

"ಯಾಕವ್ವ, ಉಪ್ಪು ಕಮ್ಮಿಯಾ?"

"ಸರಿಯಾಗಿದೆ ಅತ್ತೆ. ನನಗೇ ಬೇಡ."

ಬಯಕೆ ಸತ್ತುಹೋಗಿರಬೇಕು, ವಾಡಿಕೆ ತಪ್ಪಿದೆ ಅಂತ ಅವಳು ತಿಳಿದುಕೊಂಡಳು. ಆ ತಟ್ಟೆಯನ್ನು ಇವರೇ ಉಂಡರು. ನಾನು ಆವತ್ತಿನಿಂದ ಇವತ್ತಿನವರೆಗೆ ಬಾಡು ಮುಟ್ಟಿಲ್ಲ. ಅತ್ತೆ ಆಮೇಲೆ ಎಷ್ಟೋ ವರ್ಷ ಬದುಕಿದ್ದಳು, ಹುಳ ಸಾಕುವುದು ನಿಂತ ಮೇಲೂ ಬದುಕಿದ್ದಳು. ನನ್ನ ಸೊಸೆಗೆ ದೇವರು ಒಲಿದಿದ್ದಾನೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಎಲ್ಲದಕ್ಕೂ ಅನುಮಾನ ಪಡುತ್ತಿದ್ದವಳಿಗೆ ಅದೊಂದು ವಿಷಯದಲ್ಲಿ ಮಾತ್ರ ಕೊನೆಯವರೆಗೂ ಅನುಮಾನ ಬರಲಿಲ್ಲ.